ಮಿಕುಲ್ಚಿಟ್ಸೆ: ಸಣ್ಣ ಹಳ್ಳಿಯೊಂದರ ಮಣ್ಣಿನಡಿ ದೊರೆತ ಒಂಬತ್ತನೆಯ ಶತಮಾನ

ಜೆಕ್ ಗಣರಾಜ್ಯದ ಆಗ್ನೇಯ ಮೂಲೆಯಲ್ಲಿ, ಸ್ಲೊವಾಕಿಯಾದ ಗಡಿಗೆ ತಾಗಿಕೊಂಡಂತೆ, ಮಿಕುಲ್ಚಿಟ್ಸೆ ಎಂಬ ಹಳ್ಳಿಯಿದೆ. ಅಲ್ಲಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಊರಿನಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಮೊರಾವಾ ನದಿಯ ದಡದ ಹುಲ್ಲುಗಾವಲು ಮತ್ತು ಕಾಡಿನ ನಡುವೆ, ವಾಲಿ ಎಂದು ಕರೆಯಲಾಗುವ ಜಾಗದಲ್ಲಿ ಒಂಬತ್ತನೆಯ ಶತಮಾನದ ಒಂದು ದೊಡ್ಡ ಕೋಟೆಪಟ್ಟಣದ ಅವಶೇಷಗಳು ಮಣ್ಣಿನಡಿ ಇವೆ. ಮಧ್ಯ ಯುರೋಪಿನ ಸ್ಲಾವ್ ಜನರು ಕಟ್ಟಿದ ಮೊದಲ ಪ್ರಬಲ ರಾಜ್ಯವಾದ ಮೊರಾವಿಯಾದ ಮುಖ್ಯ ಕೇಂದ್ರಗಳಲ್ಲಿ ಇದೂ ಒಂದು.

2025ರಲ್ಲಿ ಪ್ರಾಚೀನ ಡಿಎನ್‌ಎ ಆಧರಿಸಿದ ಅಧ್ಯಯನಗಳು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದ ಮೇಲೆ, ಸ್ಲಾವ್ ಜನರು ಎಲ್ಲಿಂದ ಬಂದರು, ಹೇಗೆ ಹರಡಿದರು ಎಂಬ ಪ್ರಶ್ನೆ ವಿದ್ವಾಂಸರ ವಲಯದಿಂದಾಚೆಗೂ ಚರ್ಚೆಗೆ ಬಂದಿದೆ. ಆ ಸುದ್ದಿಗಳಲ್ಲಿ ಮೊರಾವಿಯಾದ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಹಿನ್ನೆಲೆ ಗೊತ್ತಿಲ್ಲದ ಓದುಗರಿಗೆ ಮೊರಾವಿಯಾ ಎಂದರೆ ಏನು, ಅದರ ಬಗ್ಗೆ ತಿಳಿದಿರುವುದು ಹೇಗೆ, ಒಂದು ಪುಟ್ಟ ಹಳ್ಳಿಗೆ ಇಷ್ಟು ಮಹತ್ವ ಯಾಕೆ ಎಂಬುದು ಸುಲಭವಾಗಿ ಸ್ಪಷ್ಟವಾಗುವುದಿಲ್ಲ. ಮಿಕುಲ್ಚಿಟ್ಸೆಯನ್ನು ಅರಿತರೆ ಈ ಮೂರು ಪ್ರಶ್ನೆಗಳಿಗೂ ಬಹುಪಾಲು ಉತ್ತರ ಸಿಗುತ್ತದೆ.

ಯಾರು ಈ ಮೊರಾವಿಯನ್ನರು

ಯುರೋಪಿನ ಇತಿಹಾಸದಲ್ಲಿ ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗ ಕುಸಿದ ಐದನೆಯ ಶತಮಾನದಿಂದ ಸುಮಾರು ಹತ್ತನೆಯ ಶತಮಾನದವರೆಗಿನ ಕಾಲವನ್ನು ಆರಂಭಿಕ ಮಧ್ಯಯುಗ ಎನ್ನುತ್ತಾರೆ. ಹಳೆಯ ಗಡಿಗಳು ಅಳಿಸಿಹೋಗಿ, ಇಂದಿನ ಯುರೋಪಿನ ಬಹುತೇಕ ಭಾಷೆಗಳು ಮತ್ತು ಜನಾಂಗಗಳು ತಮ್ಮ ಈಗಿನ ನೆಲೆಗಳಲ್ಲಿ ಬೇರೂರಿದ್ದು ಈ ಅವಧಿಯಲ್ಲೇ. ಜೆಕ್, ಸ್ಲೊವಾಕ್, ಪೋಲಿಷ್, ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್ ಮುಂತಾದವು ಒಂದೇ ಕುಟುಂಬಕ್ಕೆ ಸೇರಿದ ಸ್ಲಾವ್ ಭಾಷೆಗಳು. ಈ ಭಾಷೆಗಳನ್ನಾಡುವವರ ಪೂರ್ವಜರು ಆರನೆಯ ಶತಮಾನದಿಂದೀಚೆಗೆ ಪೂರ್ವದಿಂದ ಮಧ್ಯ ಯುರೋಪಿಗೆ ಬಂದು ನೆಲೆಸಿದರು. 2025ರ ಅಧ್ಯಯನಗಳು ಈ ಚಿತ್ರಕ್ಕೆ ಒಂದು ಮುಖ್ಯ ಸಂಗತಿಯನ್ನು ಸೇರಿಸಿದವು. ಹರಡಿದ್ದು ಭಾಷೆ ಮತ್ತು ಸಂಸ್ಕೃತಿ ಮಾತ್ರವಲ್ಲ, ಗಂಡಸರು ಹೆಂಗಸರೆನ್ನದೆ ಇಡೀ ಕುಟುಂಬಗಳೇ ದೊಡ್ಡ ಪ್ರಮಾಣದಲ್ಲಿ ವಲಸೆ ಬಂದಿದ್ದವು ಎಂಬುದನ್ನು ಅವು ತೋರಿಸಿಕೊಟ್ಟವು.

ಮೊರಾವಾ ಎಂಬುದು ಉತ್ತರದಿಂದ ದಕ್ಷಿಣಕ್ಕೆ ಹರಿದು ಡಾನ್ಯೂಬ್ ನದಿಯನ್ನು ಸೇರುವ ನದಿ. ಅದರ ಇಕ್ಕೆಲಗಳಲ್ಲಿ ನೆಲೆಸಿದ ಸ್ಲಾವ್ ಜನರೇ ಮೊರಾವಿಯನ್ನರು. ಎಂಟನೆಯ ಶತಮಾನದವರೆಗೆ ಅವರ ಆಗ್ನೇಯದ ಬಯಲಿನಲ್ಲಿ ಅವಾರರು ಎಂಬ ಕುದುರೆ ಸವಾರಿಯ ಜನಾಂಗದ ಪ್ರಾಬಲ್ಯವಿತ್ತು. ಪಶ್ಚಿಮದಲ್ಲಿದ್ದ ಫ್ರ್ಯಾಂಕರ ದೊರೆ ಶಾರ್ಲಮೇನ್ 791ರಿಂದ 796ರವರೆಗಿನ ದಂಡಯಾತ್ರೆಗಳಲ್ಲಿ ಅವಾರರ ಶಕ್ತಿಯನ್ನು ಮುರಿದ ಮೇಲೆ, ನಡುವಿನ ಪ್ರದೇಶದಲ್ಲಿ ಸ್ಥಳೀಯ ನಾಯಕರಿಗೆ ತಲೆಯೆತ್ತಲು ಅವಕಾಶವಾಯಿತು. ಲಿಖಿತ ದಾಖಲೆಗಳಲ್ಲಿ ಮೊರಾವಿಯನ್ನರ ಹೆಸರು ಮೊದಲ ಬಾರಿಗೆ ಬರುವುದು 822ರಲ್ಲಿ. ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ್ದ ಫ್ರ್ಯಾಂಕ್ ಚಕ್ರವರ್ತಿಯ ಸಭೆಗೆ ಕಾಣಿಕೆ ತಂದ ದೂತರ ಪಟ್ಟಿಯಲ್ಲಿ ಅವರೂ ಇದ್ದರು.

ಅಲ್ಲಿಂದ ಮುಂದೆ ಘಟನೆಗಳು ವೇಗವಾಗಿ ನಡೆಯುತ್ತವೆ. ಮೋಯ್ಮಿರ್ ಎಂಬ ನಾಯಕನು ಸುಮಾರು 833ರಲ್ಲಿ ನಿತ್ರಾದ ಒಡೆಯ ಪ್ರಿಬಿನಾನನ್ನು ಓಡಿಸಿ, ಇಂದಿನ ಸ್ಲೊವಾಕಿಯಾದ ಪಶ್ಚಿಮ ಭಾಗವನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡನು. 846ರಲ್ಲಿ ಪೂರ್ವ ಫ್ರ್ಯಾಂಕರ ದೊರೆ ಎರಡನೆಯ ಲೂಯಿಯು ಮೋಯ್ಮಿರನ ಸಂಬಂಧಿ ರಾಸ್ತಿಸ್ಲಾವನನ್ನು ಪಟ್ಟಕ್ಕೆ ತಂದನು. ತನ್ನ ಮಾತು ಕೇಳಿಕೊಂಡಿರುವವನೆಂದು ಲೂಯಿ ನಂಬಿದ್ದ ಈ ರಾಸ್ತಿಸ್ಲಾವನೇ ಮುಂದೆ ಫ್ರ್ಯಾಂಕರಿಗೆ ಸೆಡ್ಡು ಹೊಡೆದನು. ಅವನ ನಂತರ 871ರಿಂದ 894ರವರೆಗೆ ಆಳಿದ ಸ್ವಾತೊಪ್ಲುಕನ ಕಾಲದಲ್ಲಿ ರಾಜ್ಯವು ಅತಿ ದೊಡ್ಡ ವಿಸ್ತಾರವನ್ನು ತಲುಪಿತು. ಈ ರಾಜ್ಯವನ್ನು ಇಂದು ಇತಿಹಾಸಕಾರರು ಮಹಾ ಮೊರಾವಿಯಾ ಎಂದು ಕರೆಯುತ್ತಾರೆ. ಆ ಹೆಸರು ಹತ್ತನೆಯ ಶತಮಾನದ ನಡುಭಾಗದಲ್ಲಿ, ಅಂದರೆ ರಾಜ್ಯ ಅಳಿದ ಅರ್ಧ ಶತಮಾನದ ಬಳಿಕ, ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನನ ಬರಹದಲ್ಲಿ ಮೊದಲು ಕಾಣಿಸಿಕೊಂಡಿತು.

ಗಮನಿಸಬೇಕಾದ ಸಂಗತಿಯೆಂದರೆ, ಮೇಲಿನ ವಿವರಗಳನ್ನು ದಾಖಲಿಸಿದವರಲ್ಲಿ ಹೆಚ್ಚಿನವರು ಮೊರಾವಿಯನ್ನರಲ್ಲ. ಅವರ ವಿರೋಧಿಗಳಾಗಿದ್ದ ಫ್ರ್ಯಾಂಕರ ಮಠಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ವಾರ್ಷಿಕ ವೃತ್ತಾಂತಗಳೇ ನಮಗೆ ಉಳಿದಿರುವ ಮುಖ್ಯ ಆಧಾರ. ಅಂಥ ಒಂದು ವೃತ್ತಾಂತವು 869ನೆಯ ವರ್ಷದ ಯುದ್ಧವನ್ನು ವರ್ಣಿಸುತ್ತಾ, ಫ್ರ್ಯಾಂಕ್ ಸೈನ್ಯವು ರಾಸ್ತಿಸ್ಲಾವನ ಕೋಟೆಯೊಂದರ ಎದುರು ಬಂದು ನಿಂತಿತೆಂದೂ, ಅದು ಮಾತಿಗೆ ನಿಲುಕದ್ದಾಗಿತ್ತೆಂದೂ, ಹಿಂದಿನ ಯಾವ ಕೋಟೆಯನ್ನೂ ಹೋಲುತ್ತಿರಲಿಲ್ಲವೆಂದೂ ಹೇಳುತ್ತದೆ. ಆದರೆ ಆ ಕೋಟೆ ಎಲ್ಲಿತ್ತು ಎಂದು ಬರೆದವನು ತಿಳಿಸಲಿಲ್ಲ. ಮಿಕುಲ್ಚಿಟ್ಸೆಯ ಕೋಟೆಗೆ ಆಗ ಯಾವ ಹೆಸರಿತ್ತು ಎಂಬುದನ್ನೂ ಯಾವ ದಾಖಲೆಯೂ ಹೇಳುವುದಿಲ್ಲ. ಹಾಗಾಗಿ ಈ ಸ್ಥಳದ ಕಥೆಯನ್ನು ಬಹುಮಟ್ಟಿಗೆ ಮಣ್ಣಿನಿಂದಲೇ ತಿಳಿಯಬೇಕಾಯಿತು.

ನದಿಯ ನಡುವೆ ಕೋಟೆ ಕಟ್ಟಿದ್ದೇಕೆ

ಇಂದು ವಾಲಿಯಲ್ಲಿ ನಿಂತರೆ ಅದು ಕೋಟೆಗೆ ತಕ್ಕ ಜಾಗವೆಂದು ಥಟ್ಟನೆ ತೋರುವುದಿಲ್ಲ. ಗುಡ್ಡವಿಲ್ಲ, ಬಂಡೆಯಿಲ್ಲ, ನದಿ ಪಾತ್ರದ ಪಕ್ಕದ ತಗ್ಗು ಬಯಲು, ಓಕ್ ಮರಗಳ ಕಾಡು. ಆದರೆ ಒಂಬತ್ತನೆಯ ಶತಮಾನದಲ್ಲಿ ಮೊರಾವಾ ಒಂದೇ ಧಾರೆಯಾಗಿ ಹರಿಯುತ್ತಿರಲಿಲ್ಲ. ಅದು ಹಲವು ಕವಲುಗಳಾಗಿ ಒಡೆದು, ಬಳುಕಿ, ಮತ್ತೆ ಕೂಡುತ್ತಿತ್ತು. ಆ ಕವಲುಗಳ ನಡುವೆ ಮರಳಿನ ದಿಬ್ಬಗಳಿದ್ದವು. ದಿಬ್ಬದ ಮೇಲೆ ಮನೆ ಕಟ್ಟಿದರೆ ಕಾಲ ಕೆಳಗೆ ಒಣ ನೆಲ. ಸುತ್ತಲೂ ಹರಿಯುವ ನೀರೇ ಕಂದಕ. ಅದೇ ನೀರು ಸಾಗಾಣಿಕೆಯ ದಾರಿಯೂ ಆಗಿತ್ತು. ಬಾಲ್ಟಿಕ್ ಕಡೆಯಿಂದ ಡಾನ್ಯೂಬ್ ಕಡೆಗೆ ಸಾಗುವ ಪುರಾತನ ವ್ಯಾಪಾರದ ಹಾದಿ ಈ ನದಿ ಕಣಿವೆಯಲ್ಲೇ ಹಾದುಹೋಗುತ್ತಿತ್ತು. ಆ ದಿನಗಳಲ್ಲಿ ನೆರೆಯ ಹಾವಳಿ ಇಂದಿನಷ್ಟು ಇರಲಿಲ್ಲ ಎಂಬುದನ್ನು ಮಣ್ಣಿನ ಪದರಗಳು ತೋರಿಸುತ್ತವೆ. ಮುಂದಿನ ಶತಮಾನಗಳಲ್ಲಿ ಮೇಲ್ದಂಡೆಯ ಕಾಡುಗಳನ್ನು ಕಡಿದು ಉಳುಮೆ ಹೆಚ್ಚಿದಂತೆ, ಮಳೆಗೆ ಕೊಚ್ಚಿಬಂದ ಮಣ್ಣು ಪ್ರವಾಹದೊಂದಿಗೆ ಬಂದು ಇಲ್ಲಿ ಪದರ ಪದರವಾಗಿ ಕೂತಿತು.

ಕೋಟೆಯ ಒಳಭಾಗ, ಅಂದರೆ ಗೋಡೆಯಿಂದ ಸುತ್ತುವರಿದ ನೆಲ, ಸುಮಾರು ಹತ್ತು ಹೆಕ್ಟೇರು. ಅದರಲ್ಲಿ ದೊಡ್ಡದು ಅರಸನ ಅಂಗಳ; ಅದಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಹೊರಕೋಟೆ. ಗೋಡೆಯ ಒಳಮೈಯಲ್ಲಿ ಮರದ ದಿಮ್ಮಿಗಳ ಚೌಕಟ್ಟಿಗೆ ಮಣ್ಣು ತುಂಬಿ, ಹೊರಮುಖಕ್ಕೆ ಕಲ್ಲನ್ನು ಗಾರೆಯಿಲ್ಲದೆ ಪೇರಿಸಲಾಗಿತ್ತು. ನದಿಯ ಕವಲುಗಳ ಮೇಲೆ ಕನಿಷ್ಠ ಮೂರು ಮರದ ಸೇತುವೆಗಳಿದ್ದವು. ಕೋಟೆಯ ಹೊರಗೆ, ಸುತ್ತಲಿನ ದಿಬ್ಬಗಳ ಮೇಲೆ, ಕುಶಲಕರ್ಮಿಗಳೂ ಸೇವಕರೂ ಸೈನಿಕರೂ ವಾಸಿಸುತ್ತಿದ್ದ ಕೇರಿಗಳಿದ್ದವು. ಎಲ್ಲ ಸೇರಿ ಇಲ್ಲಿ ಒಂದರಿಂದ ಎರಡು ಸಾವಿರ ಜನರಿದ್ದಿರಬಹುದೆಂದು ಪುರಾತತ್ವಜ್ಞರು ಅಂದಾಜಿಸುತ್ತಾರೆ. ಇಂದಿನ ಹಳ್ಳಿಯ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂಬತ್ತನೆಯ ಶತಮಾನದ ಮಧ್ಯ ಯುರೋಪಿನಲ್ಲಿ, ಆಲ್ಪ್ಸ್‌ನ ಉತ್ತರಕ್ಕೆ, ಅಷ್ಟು ಜನ ಒಂದೆಡೆ ಸೇರಿ ಬಾಳುವುದು ಅಪರೂಪದ ಸಂಗತಿಯಾಗಿತ್ತು.

ಇಲ್ಲದ ಗೋಡೆಯನ್ನು ಕಾಣುವ ಬಗೆ

1954ರಲ್ಲಿ ಪುರಾತತ್ವಜ್ಞ ಯೋಸೆಫ್ ಪೌಲೀಕ್ ಅವರ ನೇತೃತ್ವದಲ್ಲಿ ಇಲ್ಲಿ ವ್ಯವಸ್ಥಿತ ಉತ್ಖನನ ಆರಂಭವಾಯಿತು. ಅದು ನಿಂತದ್ದು 1992ರಲ್ಲಿ. ಇಷ್ಟು ದೀರ್ಘಕಾಲ, ಇಷ್ಟು ವಿಶಾಲವಾಗಿ ಅಗೆದ ಆರಂಭಿಕ ಮಧ್ಯಯುಗದ ನೆಲೆಗಳು ಯುರೋಪಿನಲ್ಲಿ ಹೆಚ್ಚಿಲ್ಲ. ಅಗೆತದ ಬಹುದೊಡ್ಡ ಫಲವೆಂದರೆ ಚರ್ಚುಗಳು. ಮೊದಲ ವರದಿಗಳಲ್ಲಿ ಹನ್ನೆರಡರವರೆಗೆ ಲೆಕ್ಕ ಹಾಕಲಾಗಿತ್ತು. ನಂತರದ ಮರುಪರಿಶೀಲನೆಯಲ್ಲಿ ಕೆಲವನ್ನು ಸಂದೇಹಕ್ಕೆ ಬಿಟ್ಟು ಸಂಖ್ಯೆಯನ್ನು ಹತ್ತರ ಆಸುಪಾಸಿಗೆ ಇಳಿಸಿದ್ದಾರೆ. ಅವುಗಳಲ್ಲಿ ದೊಡ್ಡದು ಮೂರು ಅಂಕಣಗಳ ಬಸಿಲಿಕಾ. ಉದ್ದ ಸುಮಾರು 35 ಮೀಟರ್. ಇದುವರೆಗೆ ತಿಳಿದಿರುವ ಮಹಾ ಮೊರಾವಿಯಾದ ಚರ್ಚುಗಳಲ್ಲಿ ಇದೇ ದೊಡ್ಡದು. ಎದುರುಬದುರಾಗಿ ಎರಡು ಅರ್ಧವೃತ್ತದ ಗರ್ಭಗೃಹಗಳಿದ್ದ ಒಂದು ದುಂಡನೆಯ ಚರ್ಚೂ ಇತ್ತು. ಅದರ ಗೋಡೆಗೆ ಬಣ್ಣದ ಚಿತ್ರಗಳಿದ್ದವೆಂಬುದಕ್ಕೆ ಗಾರೆಯ ಚೂರುಗಳೇ ಸಾಕ್ಷಿ.

ಚರ್ಚುಗಳು ಎಂದಾಕ್ಷಣ ಗೋಡೆಗಳು ನಿಂತಿವೆ ಎಂದು ಭಾವಿಸಬಾರದು. ಒಂದು ಚರ್ಚಿನ ಗೋಡೆಯೂ ನಿಂತಿಲ್ಲ. ಪಾಯದ ಕಲ್ಲುಗಳೂ ಹೆಚ್ಚಿನ ಕಡೆ ಇಲ್ಲ. ನದಿ ಬಯಲಿನಲ್ಲಿ ಕಲ್ಲು ಸಿಗುವುದಿಲ್ಲ, ಹೊರಗಿನ ಗುಡ್ಡಗಳಿಂದ ಹೊತ್ತು ತರಬೇಕು. ಆದ್ದರಿಂದ ಪಟ್ಟಣ ಪಾಳುಬಿದ್ದ ಮೇಲೆ ಜನರು ಬೇಕಾದಾಗಲೆಲ್ಲ ಈ ಕಲ್ಲುಗಳನ್ನು ಕಿತ್ತು ಸಾಗಿಸಿದರು. ಹಾಗಾದರೆ ಚರ್ಚಿನ ಆಕಾರ ತಿಳಿದದ್ದು ಹೇಗೆ? ಹಳೆಯ ಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಕಿತ್ತು ಬೇರೆಡೆಗೆ ಒಯ್ದ ಮೇಲೆ ಕುಳಿಯನ್ನು ಎಷ್ಟೇ ನಯವಾಗಿ ಮುಚ್ಚಿದರೂ, ತುಂಬಿದ ಭಾಗದ ಬಣ್ಣ ಬೇರೆಯಾಗಿ ಒರಳಿನ ದುಂಡನೆಯ ಗುರುತು ನೆಲದ ಮೇಲೆ ಉಳಿದೇ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಪಾಯಕ್ಕಾಗಿ ತೋಡಿದ ಕಾಲುವೆಯಿಂದ ಕಲ್ಲನ್ನು ಎತ್ತಿಕೊಂಡು ಹೋದವರು ಗಾರೆಯ ಪುಡಿ, ಒಡೆದ ಚೂರು, ಸಡಿಲ ಮಣ್ಣನ್ನು ಅಲ್ಲೇ ಬಿಟ್ಟರು. ಸುತ್ತಲಿನ ಮರಳು ಮಣ್ಣಿನ ನಡುವೆ ಆ ಕಾಲುವೆ ತಿಳಿಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತದೆ. ಪುರಾತತ್ವಜ್ಞರು ಮಣ್ಣಿನ ಮೇಲ್ಪದರವನ್ನು ಚಪ್ಪಟೆ ಕರಣೆಯಿಂದ ತೆಳುವಾಗಿ ಕೆರೆಯುತ್ತಾ, ಬಣ್ಣ ಬದಲಾಗುವ ಗೆರೆಯನ್ನು ಅಂಗುಲ ಅಂಗುಲವಾಗಿ ಗುರುತಿಸಿ ನಕ್ಷೆ ಬರೆಯುತ್ತಾರೆ. ಗೋಡೆಯಿಲ್ಲದಿದ್ದರೂ ಗೋಡೆಯಿದ್ದ ಜಾಗದ ನಕ್ಷೆ ಕೈಗೆ ಬರುವುದು ಹೀಗೆ.

ಕಾಲವನ್ನು ಲೆಕ್ಕ ಹಾಕುವುದು ಇನ್ನೊಂದು ಸವಾಲು. ಒಂದರ ಮೇಲೊಂದು ಕೂತ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬುದು ಮೂಲ ನಿಯಮ. ಇದರಿಂದ ಯಾವುದು ಮೊದಲು ಯಾವುದು ಆಮೇಲೆ ಎಂಬುದು ತಿಳಿಯುತ್ತದೆಯೇ ಹೊರತು ವರ್ಷ ತಿಳಿಯುವುದಿಲ್ಲ. ವರ್ಷಕ್ಕಾಗಿ ಬೇರೆ ಸುಳಿವು ಬೇಕು. ಬಸಿಲಿಕಾದ ಬಳಿಯ ಒಂದು ಸಮಾಧಿಯಲ್ಲಿ ಬೈಜಾಂಟಿಯಂನ ಚಕ್ರವರ್ತಿ ಮೂರನೆಯ ಮೈಕೇಲನ ಚಿನ್ನದ ನಾಣ್ಯ ಸಿಕ್ಕಿತು. ಅವನು ಆಳಿದ್ದು 842ರಿಂದ 867ರವರೆಗೆ. ಅಂದಮೇಲೆ ಆ ಸಮಾಧಿ ನಾಣ್ಯ ಟಂಕಿಸಿದ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇದಲ್ಲದೆ ಮರದ ವಾರ್ಷಿಕ ಉಂಗುರಗಳ ಲೆಕ್ಕವೂ ಇದೆ. ಓಕ್ ಮರ ಪ್ರತಿ ವರ್ಷ ಒಂದು ಉಂಗುರ ಬೆಳೆಯುತ್ತದೆ. ಮಳೆ ಚೆನ್ನಾಗಿದ್ದ ವರ್ಷ ಉಂಗುರ ಅಗಲ, ಬರಗಾಲದಲ್ಲಿ ಕಿರಿದು. ಒಂದೇ ಪ್ರದೇಶದ ಮರಗಳಲ್ಲಿ ಈ ಅಗಲ–ಕಿರಿದಿನ ಸಾಲು ಒಂದೇ ತೆರನಾಗಿರುವುದರಿಂದ, ಕಾಲ ಗೊತ್ತಿರುವ ಮರಗಳ ಸಾಲಿನೊಂದಿಗೆ ಹಳೆಯ ಕಂಬದ ಸಾಲನ್ನು ಹೊಂದಿಸಿ ನೋಡಿ ಮರ ಕಡಿದ ಕಾಲವನ್ನು ಹೇಳಬಹುದು.

ಸಾವಿರ ವರ್ಷದ ಮರ ಕೊಳೆಯದೆ ಉಳಿದಿರುವುದು ಹೇಗೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಮುಚ್ಚಿಹೋದ ನದಿ ಕವಲುಗಳಲ್ಲಿದೆ. ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನೀರಿನಿಂದ ಸದಾ ನೆನೆದಿರುವ ಕೆಸರಿನ ಆಳದಲ್ಲಿ ಅದು ಸಿಗುವುದಿಲ್ಲ. ಆದ್ದರಿಂದಲೇ ಸೇತುವೆಯ ಕಂಬಗಳು, ಮರದ ಪಾತ್ರೆ ಮತ್ತು ಸಲಕರಣೆಗಳು, ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಎಂಟರಿಂದ ಹತ್ತು ಮೀಟರ್ ಉದ್ದದ ದೋಣಿಗಳು ಹೊರಬಂದವು. ಅದೇ ಕೆಸರಿನಲ್ಲಿ ದ್ರಾಕ್ಷಿಯ ಬೀಜ, ಪೀಚ್ ಹಣ್ಣಿನ ಓಟೆ, ಸೌತೆಕಾಯಿಯ ಬೀಜಗಳೂ ಸಿಕ್ಕಿವೆ. ರಾಜರ ಯುದ್ಧಗಳನ್ನು ಬರೆದಿಟ್ಟ ವೃತ್ತಾಂತಕಾರರು ಈ ಜನರ ಊಟದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಆ ವಿವರ ನಮಗೆ ಬಂದದ್ದು ಸೇತುವೆಯ ಕೆಳಗೆ ಎಸೆದ ಕಸದಿಂದ.

ಸಮಾಧಿಗಳು ಹೇಳುವ ಸಮಾಜ

ಮಿಕುಲ್ಚಿಟ್ಸೆಯಲ್ಲಿ ಅಗೆದ ಸಮಾಧಿಗಳು ಸುಮಾರು ಎರಡೂವರೆ ಸಾವಿರ. ಸ್ಲಾವ್ ಜನರು ಇಲ್ಲಿಗೆ ಬಂದ ಆರಂಭದಲ್ಲಿ ಸತ್ತವರನ್ನು ಸುಡುತ್ತಿದ್ದರು. ಕ್ರೈಸ್ತಧರ್ಮ ಹರಡಿದಂತೆ ಹೂಳುವ ರೂಢಿ ಬಂತು. ಆದರೂ ಸತ್ತವರ ಜೊತೆ ಅವರ ವಸ್ತುಗಳನ್ನು ಇಡುವ ಹಳೆಯ ಪದ್ಧತಿ ಒಂದೆರಡು ತಲೆಮಾರಿನವರೆಗೆ ಉಳಿದುಕೊಂಡಿತು. ಪುರಾತತ್ವಕ್ಕೆ ಈ ನಡುಗಾಲ ಬಹಳ ಉಪಕಾರ ಮಾಡಿದೆ, ಏಕೆಂದರೆ ಯಾರ ಬಳಿ ಏನಿತ್ತು ಎಂಬುದು ಸಮಾಧಿಯಲ್ಲೇ ದಾಖಲಾಗಿದೆ.

ಚರ್ಚಿನ ಗೋಡೆಗೆ ಹತ್ತಿರ, ಕೆಲವೊಮ್ಮೆ ಒಳಗೇ, ಹೂಳಲ್ಪಟ್ಟವರು ಶ್ರೀಮಂತರು. ಗಂಡಸರ ಪಕ್ಕದಲ್ಲಿ ಖಡ್ಗ, ಕೊಡಲಿ. ಹಿಮ್ಮಡಿಯ ಬಳಿ ಕುದುರೆಯನ್ನು ತಿವಿಯಲು ಕಟ್ಟಿಕೊಳ್ಳುವ ಲೋಹದ ಮುಳ್ಳುಗಳು. ಇಡೀ ನೆಲೆಯಲ್ಲಿ ಸಿಕ್ಕ ಖಡ್ಗಗಳು ಹದಿನಾರು. ಸಾವಿರಾರು ಸಮಾಧಿಗಳಲ್ಲಿ ಹದಿನಾರು ಎಂದರೆ ಖಡ್ಗ ಎಷ್ಟು ಬೆಲೆಯುಳ್ಳದ್ದಾಗಿತ್ತು, ಅದನ್ನು ಹಿಡಿಯುವ ಯೋಗ್ಯತೆ ಎಷ್ಟು ಜನರಿಗಿತ್ತು ಎಂಬುದು ತಿಳಿಯುತ್ತದೆ. ಕುದುರೆ ಮುಳ್ಳುಗಳು ಚಿಕ್ಕ ಹುಡುಗರ ಸಮಾಧಿಗಳಲ್ಲೂ ಸಿಕ್ಕಿವೆ. ಸವಾರಿ ಮಾಡುವ ವಯಸ್ಸೇ ಆಗದ ಮಗುವಿಗೆ ಸವಾರನ ಗುರುತು ಇಟ್ಟಿದ್ದಾರೆಂದರೆ, ಅಂತಸ್ತು ಹುಟ್ಟಿನಿಂದಲೇ ಬರುವ ವ್ಯವಸ್ಥೆ ಬೆಳೆಯುತ್ತಿತ್ತು ಎಂದು ವಿದ್ವಾಂಸರು ತರ್ಕಿಸುತ್ತಾರೆ.

ಹೆಂಗಸರ ಸಮಾಧಿಗಳಲ್ಲಿ ಮೊರಾವಿಯಾದ ಅಕ್ಕಸಾಲಿಗರ ಕೈಚಳಕ ಕಾಣುತ್ತದೆ. ನೆಲ್ಲಿಕಾಯಿ ಗಾತ್ರದ, ಒಳಗೆ ಟೊಳ್ಳಾದ ಗುಂಡನೆಯ ಬಟ್ಟೆಗುಂಡಿಗಳು ಇಲ್ಲಿನ ವಿಶಿಷ್ಟ ಒಡವೆ. ಚಿನ್ನ, ಬೆಳ್ಳಿ ಅಥವಾ ಚಿನ್ನದ ಲೇಪವಿರುವ ತಾಮ್ರದ ತಗಡಿನ ಮೇಲೆ ಒಳಗಿನಿಂದ ಬಡಿದು ಎಬ್ಬಿಸಿದ ಎಲೆ, ಬಳ್ಳಿ, ಹಕ್ಕಿಗಳ ಚಿತ್ತಾರ. ಕೆಲವಕ್ಕೆ ಸಾಸಿವೆಗಿಂತ ಸಣ್ಣ ಲೋಹದ ಕಾಳುಗಳನ್ನು ಸಾಲಾಗಿ ಬೆಸೆದ ಅಲಂಕಾರ. ಈ ಕೌಶಲದ ಬೇರು ಬೈಜಾಂಟಿಯಂನಲ್ಲಿದೆ. ಆದರೆ ಕೋಟೆಯೊಳಗಿನ ಕಾರ್ಯಾಗಾರಗಳಲ್ಲಿ ಲೋಹ ಕರಗಿಸುವ ಮೂಸೆಗಳು ಸಿಕ್ಕಿರುವುದರಿಂದ, ಇಂಥ ಒಡವೆಗಳನ್ನು ಇಲ್ಲಿಯೇ ತಯಾರಿಸುತ್ತಿದ್ದರು ಎಂಬುದು ಸ್ಪಷ್ಟ. ಮುಚ್ಚಿದ ಪುಸ್ತಕದ ಆಕಾರದಲ್ಲಿ ಮಾಡಿದ ಒಂದು ಸೊಂಟಪಟ್ಟಿಯ ತುದಿಯೂ ಇಲ್ಲಿ ದೊರೆತಿದೆ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ನಾಡಿನಲ್ಲಿ ಪುಸ್ತಕವು ಒಡವೆಯ ವಿನ್ಯಾಸವಾಗುವಷ್ಟು ಗೌರವದ ವಸ್ತುವಾಗಿತ್ತು.

ಮಹಾ ಮೊರಾವಿಯಾ ತನ್ನದೇ ನಾಣ್ಯವನ್ನು ಟಂಕಿಸಲಿಲ್ಲ. ಕೊಡುಕೊಳ್ಳುವಿಕೆಗೆ ಕೊಡಲಿಯ ಆಕಾರದ ಉದ್ದನೆಯ ಕಬ್ಬಿಣದ ಪಟ್ಟಿಗಳು ಬಳಕೆಯಲ್ಲಿದ್ದವು. ಅವು ಕಡಿಯಲು ಬರುವಂಥವಲ್ಲ, ಮೌಲ್ಯವನ್ನು ಅಳೆಯಲು ಮತ್ತು ಕೂಡಿಡಲು ಮಾಡಿದಂಥವು.

ಲಿಪಿ ಬಂದ ಕಥೆ

ಮೊರಾವಿಯಾದ ಹೆಸರು ಇಂದಿಗೂ ಉಳಿದಿರುವುದಕ್ಕೆ ಯುದ್ಧಗಳಿಗಿಂತ ದೊಡ್ಡ ಕಾರಣ ಅಕ್ಷರ. ಮೊದಲಿಗೆ ಇಲ್ಲಿ ಕ್ರೈಸ್ತಧರ್ಮವನ್ನು ಬೋಧಿಸಿದವರು ಬವೇರಿಯಾದಿಂದ ಬಂದ ಪಾದ್ರಿಗಳು. ಅವರ ಪೂಜಾಭಾಷೆ ಲ್ಯಾಟಿನ್, ಅವರ ನಿಷ್ಠೆ ಫ್ರ್ಯಾಂಕ್ ದೊರೆಗೆ. ಧರ್ಮದ ಮೂಲಕ ಫ್ರ್ಯಾಂಕರ ಹಿಡಿತ ಬಿಗಿಯಾಗುವುದನ್ನು ಕಂಡ ರಾಸ್ತಿಸ್ಲಾವನು 862ರ ವೇಳೆಗೆ ಬೈಜಾಂಟಿಯಂನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ದೂತರನ್ನು ಕಳುಹಿಸಿ, ತನ್ನ ಜನರಿಗೆ ಅವರ ಮಾತಿನಲ್ಲೇ ಧರ್ಮವನ್ನು ತಿಳಿಸಬಲ್ಲ ಗುರುಗಳು ಬೇಕೆಂದು ಚಕ್ರವರ್ತಿ ಮೂರನೆಯ ಮೈಕೇಲನನ್ನು ಕೇಳಿಕೊಂಡನು. ಥೆಸಲೊನಿಕಿ ನಗರದ ಸಹೋದರರಾದ ಕಾನ್‌ಸ್ಟಂಟೈನ್ ಮತ್ತು ಮೆಥೋಡಿಯಸ್ 863ರಲ್ಲಿ ಮೊರಾವಿಯಾಕ್ಕೆ ಬಂದರು. ಕಾನ್‌ಸ್ಟಂಟೈನನು ಮುಂದೆ ಸನ್ಯಾಸ ಸ್ವೀಕರಿಸಿದಾಗ ಪಡೆದ ಸಿರಿಲ್ ಎಂಬ ಹೆಸರಿನಿಂದಲೇ ಹೆಚ್ಚು ಪ್ರಸಿದ್ಧ.

ಆವರೆಗೆ ಸ್ಲಾವ್ ಮಾತಿಗೆ ತನ್ನದೆನ್ನುವ ಲಿಪಿಯಿರಲಿಲ್ಲ. ಸಿರಿಲನು ಆ ಮಾತಿನ ಪ್ರತಿಯೊಂದು ಧ್ವನಿಗೂ ಒಂದೊಂದು ಅಕ್ಷರ ಬರುವಂತೆ ಹೊಸ ಲಿಪಿಯೊಂದನ್ನು ರೂಪಿಸಿದನು. ಅದನ್ನು ಗ್ಲಾಗೊಲಿಟಿಕ್ ಎನ್ನುತ್ತಾರೆ. ಇಂದು ರಷ್ಯನ್, ಬಲ್ಗೇರಿಯನ್ ಭಾಷೆಗಳಿಗೆ ಬಳಸುವ ಸಿರಿಲಿಕ್ ಲಿಪಿ ಸಿರಿಲನು ಮಾಡಿದ್ದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸಿರಿಲಿಕ್ ರೂಪುಗೊಂಡಿದ್ದು ಅನಂತರ, ಬಲ್ಗೇರಿಯಾದಲ್ಲಿ; ಸಿರಿಲನ ಮೇಲಿನ ಗೌರವದಿಂದ ಅದಕ್ಕೆ ಆ ಹೆಸರು ಬಂದಿತು.

ಸಹೋದರರ ಕೆಲಸ ಸುಲಭವಾಗಿರಲಿಲ್ಲ. ದೇವರ ಪೂಜೆಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮಾತ್ರ ಯೋಗ್ಯ ಎಂಬ ವಾದವನ್ನು ಅವರು ಎದುರಿಸಬೇಕಾಯಿತು. ರೋಮ್‌ಗೆ ಹೋಗಿ ಪೋಪ್ ಎರಡನೆಯ ಹೇಡ್ರಿಯನ್ ಅವರ ಒಪ್ಪಿಗೆ ಪಡೆದರು. ಸಿರಿಲನು 869ರಲ್ಲಿ ಅಲ್ಲೇ ತೀರಿಕೊಂಡನು. ಮಹಾಧರ್ಮಾಧ್ಯಕ್ಷನಾಗಿ ಮರಳಿದ ಮೆಥೋಡಿಯಸ್‌ನನ್ನು ಬವೇರಿಯಾದ ಬಿಷಪ್‌ಗಳು ಸೆರೆಹಿಡಿದು ಎರಡೂವರೆ ವರ್ಷ ಬಂಧನದಲ್ಲಿಟ್ಟರು. 885ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ ಮೇಲೆ ಅವನ ಶಿಷ್ಯರನ್ನು ಮೊರಾವಿಯಾದಿಂದ ಹೊರಹಾಕಲಾಯಿತು. ಕ್ಲೆಮೆಂಟ್, ನೌಮ್ ಮೊದಲಾದ ಶಿಷ್ಯರು ಬಲ್ಗೇರಿಯಾ ಸೇರಿ ಅಲ್ಲಿ ಶಾಲೆಗಳನ್ನು ತೆರೆದರು. ಹೀಗೆ ಮೊರಾವಿಯಾದಲ್ಲಿ ಆರಂಭವಾದ ಕೆಲಸ ಬೇರೆ ನಾಡಿನಲ್ಲಿ ಫಲಿಸಿತು. ಈ ಸಹೋದರರು ಬಂದುದರ ನೆನಪಿಗೆ ಜುಲೈ 5 ಜೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾ ಎರಡರಲ್ಲೂ ಸಾರ್ವಜನಿಕ ರಜಾದಿನ.

ಮಿಕುಲ್ಚಿಟ್ಸೆಯಲ್ಲಿ ಇವರು ಕಾಲಿಟ್ಟರೇ? ಮಹಾ ಮೊರಾವಿಯಾದ ಪ್ರಮುಖ ನೆಲೆಗಳಲ್ಲಿ ಇದೊಂದಾದ್ದರಿಂದ ಹಾಗೆ ನಂಬುವವರು ಹಲವರಿದ್ದಾರೆ, ಆದರೆ ನೇರ ಸಾಕ್ಷ್ಯವಿಲ್ಲ. ಸ್ತಾರೆ ಮ್ಯೆಸ್ತೊ, ಪೋಹನ್ಸ್ಕೊ ಮುಂತಾದ ಇತರ ದೊಡ್ಡ ಕೇಂದ್ರಗಳೂ ಆಗ ಇದ್ದವು. ಮೇಣದ ಹಲಗೆಯ ಮೇಲೆ ಬರೆಯಲು ಬಳಸುತ್ತಿದ್ದ ಕಬ್ಬಿಣದ ಕಂಟಗಳು ಇಲ್ಲಿ ಸಿಕ್ಕಿವೆ. ಬರೆಯಬಲ್ಲವರು ಇಲ್ಲಿ ಇದ್ದರು ಎಂಬಷ್ಟನ್ನು ಅವು ದೃಢಪಡಿಸುತ್ತವೆ.

ಪಟ್ಟಣ ಅಳಿದದ್ದು ಹೇಗೆ

894ರಲ್ಲಿ ಸ್ವಾತೊಪ್ಲುಕನು ಸತ್ತ ಬಳಿಕ ಅವನ ಮಕ್ಕಳ ನಡುವೆ ಕಲಹವೆದ್ದಿತು. ಅದೇ ಹೊತ್ತಿಗೆ ಪೂರ್ವದ ಹುಲ್ಲುಬಯಲಿನಿಂದ ಬಂದ ಮ್ಯಾಗ್ಯಾರರು, ಅಂದರೆ ಇಂದಿನ ಹಂಗೇರಿಯನ್ನರ ಪೂರ್ವಜರು, ಡಾನ್ಯೂಬ್ ಬಯಲಿನಲ್ಲಿ ನೆಲೆಯೂರಿದರು. ಹತ್ತನೆಯ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಕುಸಿಯಿತು. 907ರಲ್ಲಿ ಇಂದಿನ ಬ್ರಾಟಿಸ್ಲಾವಾದ ಬಳಿ ಮ್ಯಾಗ್ಯಾರರು ಬವೇರಿಯಾದ ಸೈನ್ಯವನ್ನು ಸೋಲಿಸಿದಾಗ ಮೊರಾವಿಯನ್ನರ ಪ್ರಸ್ತಾಪವೇ ಬರುವುದಿಲ್ಲ. ಮಿಕುಲ್ಚಿಟ್ಸೆಯ ಕೋಟೆಬಾಗಿಲುಗಳ ಬಳಿ, ಸುಟ್ಟ ಪದರಗಳ ನಡುವೆ, ಅಲೆಮಾರಿ ಸವಾರರು ಬಳಸುತ್ತಿದ್ದ ಬಗೆಯ ಬಾಣದ ಮೊನೆಗಳು ದೊರೆತಿವೆ. ಅರಸರಿಲ್ಲದ ಮೇಲೆ ಕುಶಲಕರ್ಮಿಗಳಿಗೆ ಕೆಲಸವಿಲ್ಲ, ಕೂಡಿಟ್ಟ ಧಾನ್ಯ ಹಂಚುವವರಿಲ್ಲ. ಬಯಲಿನ ನಡುವಿನ ಅಷ್ಟು ದೊಡ್ಡ ಜನವಸತಿಯನ್ನು ಸಾಕುತ್ತಿದ್ದ ವ್ಯವಸ್ಥೆಯೇ ಕಳಚಿಬಿತ್ತು. ಮುಂದೆ ಒಂದೆರಡು ಶತಮಾನ ಕೆಲವು ಕುಟುಂಬಗಳು ಇಲ್ಲಿ ಬಾಳಿದವಾದರೂ ಪಟ್ಟಣ ಮತ್ತೆ ಏಳಲಿಲ್ಲ.

ನದಿಯಾಚೆ ಉಳಿದ ಒಂದು ಚರ್ಚು

ವಾಲಿಯಲ್ಲಿ ಒಂದೂ ಚರ್ಚು ಉಳಿಯಲಿಲ್ಲವಾದರೂ, ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ, ಮೊರಾವಾದ ಆಚೆ ದಡದ ಕೋಪ್ಚಾನಿ ಎಂಬ ಸ್ಲೊವಾಕ್ ಹಳ್ಳಿಯ ಹೊಲಗಳ ನಡುವೆ ಸಂತ ಮಾರ್ಗರೆಟ್ ಹೆಸರಿನ ಪುಟ್ಟ ಕಲ್ಲಿನ ಚರ್ಚು ಇಂದಿಗೂ ಸೂರಿನೊಂದಿಗೆ ನಿಂತಿದೆ. ಒಂದು ಆಯತಾಕಾರದ ಸಭಾಂಗಣ, ಅದಕ್ಕೆ ಸೇರಿದ ಕಿರಿದಾದ ಚೌಕ ಗರ್ಭಗೃಹ, ಅಷ್ಟೇ. ಲಿಖಿತ ದಾಖಲೆಯಲ್ಲಿ ಅದರ ಮೊದಲ ಉಲ್ಲೇಖ 1329ರದು. ಆದ್ದರಿಂದ ಬಹುಕಾಲ ಅದನ್ನು ನಂತರದ ಕಟ್ಟಡವೆಂದೇ ತಿಳಿಯಲಾಗಿತ್ತು. 1990ರ ದಶಕದಲ್ಲಿ ಗೋಡೆಗಳ ಪರಿಶೀಲನೆ ನಡೆದು ಸಂದೇಹ ಮೂಡಿತು. 2004ರಲ್ಲಿ ಗೋಡೆಯ ಪಕ್ಕದಲ್ಲೇ ಮಹಾ ಮೊರಾವಿಯಾ ಕಾಲದ ಒಡವೆಗಳಿದ್ದ ಸಮಾಧಿಗಳು ಸಿಕ್ಕಿ ಕಟ್ಟಡದ ಹಳಮೆ ಖಚಿತವಾಯಿತು. ಮಿಕುಲ್ಚಿಟ್ಸೆಯ ಅಳಿದ ಚರ್ಚುಗಳು ಹೇಗಿದ್ದಿರಬಹುದು ಎಂದು ಊಹಿಸುವವರಿಗೆ ಈ ಗೋಡೆಗಳೇ ಅಳತೆಗೋಲು.

ಒಂಬತ್ತನೆಯ ಶತಮಾನದಲ್ಲಿ ಇವೆರಡೂ ಒಂದೇ ನೆಲೆಯ ಭಾಗಗಳು. ನಡುವೆ ಇಂದಿನ ಎರಡು ದೇಶಗಳ ಗಡಿ ಬಂದದ್ದು 1993ರಲ್ಲಿ, ಚೆಕೊಸ್ಲೊವಾಕಿಯಾ ವಿಭಜನೆಯಾದಾಗ. ಇತ್ತೀಚಿನ ವರ್ಷಗಳಲ್ಲಿ ನದಿಗೆ ಕಾಲುಸೇತುವೆ ಕಟ್ಟಿದ ಮೇಲೆ ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ ತೊಮಾಶ್ ಮಸರಿಕ್ ಹುಟ್ಟಿದ್ದು ಮಿಕುಲ್ಚಿಟ್ಸೆಗೆ ಹತ್ತಿರದ ಹೊಡೊನಿನ್‌ನಲ್ಲಿ. ಅವರ ತಂದೆಯ ಊರು ಕೋಪ್ಚಾನಿ. ಎರಡೂ ದಡಗಳ ಜನರ ನಂಟು ಗಡಿಗಿಂತ ಹಳೆಯದು ಎಂಬುದಕ್ಕೆ ಇದೂ ಒಂದು ನಿದರ್ಶನ. ಎರಡು ಸ್ಥಳಗಳನ್ನೂ ಒಟ್ಟಾಗಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿಸಲಾಗಿದೆ. ತಾತ್ಕಾಲಿಕ ಪಟ್ಟಿ ಎಂದರೆ ಒಂದು ದೇಶವು ಮುಂದೆ ನಾಮನಿರ್ದೇಶನ ಮಾಡಲು ಉದ್ದೇಶಿಸಿರುವ ಸ್ಥಳಗಳ ಪಟ್ಟಿ. ಅದು ಇನ್ನೂ ಮಾನ್ಯತೆಯಲ್ಲ.

ಇಂದಿನ ವಾಲಿ

ಮಿಕುಲ್ಚಿಟ್ಸೆ ಇತಿಹಾಸದ ಹೆಸರಿನಲ್ಲಿ ಮಾತ್ರ ಬದುಕಿದ ಊರಲ್ಲ. ಜೆಕ್ ಗಣರಾಜ್ಯದ ಕೊನೆಯ ಲಿಗ್ನೈಟ್ ಗಣಿ ಇದ್ದದ್ದು ಇಲ್ಲಿಯೇ. ಅದು 2009ರಲ್ಲಿ ಮುಚ್ಚಿತು. ಕೋಟೆ ನೆಲೆಯನ್ನು 1962ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸ್ಮಾರಕವೆಂದು ಘೋಷಿಸಲಾಯಿತು. ಅಲ್ಲಿಗೆ ಹೋದವರಿಗೆ ಹುಲ್ಲಿನ ನಡುವೆ ಚರ್ಚುಗಳ ಪಾಯದ ರೇಖೆಗಳನ್ನು ತಗ್ಗು ಕಲ್ಲುಸಾಲುಗಳಿಂದ ಗುರುತಿಸಿರುವುದು ಕಾಣುತ್ತದೆ. ಒಂದು ಚರ್ಚಿನ ಅವಶೇಷ ಮತ್ತು ಸಮಾಧಿಗಳ ಮೇಲೆ ಕಟ್ಟಡ ನಿರ್ಮಿಸಿ ವಸ್ತುಸಂಗ್ರಹಾಲಯವಾಗಿಸಿದ್ದಾರೆ.

ಈ ನೆಲೆಯ ಇತಿಹಾಸದಲ್ಲಿ ಇತ್ತೀಚಿನ ಒಂದು ದುರಂತವನ್ನೂ ಹೇಳಲೇಬೇಕು. 2007ರ ಸೆಪ್ಟೆಂಬರಿನಲ್ಲಿ, ಜೆಕ್ ವಿಜ್ಞಾನ ಅಕಾಡೆಮಿಯ ಬರ್ನೋ ಪುರಾತತ್ವ ಸಂಸ್ಥೆಗೆ ಸೇರಿದ ಇಲ್ಲಿನ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಬಿದ್ದು, ದಶಕಗಳ ಅಗೆತದಲ್ಲಿ ಸಿಕ್ಕ ವಸ್ತುಗಳ ದೊಡ್ಡ ಭಾಗ ಹಾಗೂ ದಾಖಲೆಗಳು ನಾಶವಾದವು. ಪುರಾತತ್ವದಲ್ಲಿ ಇಂಥ ನಷ್ಟವನ್ನು ತುಂಬಿಕೊಳ್ಳಲು ಆಗುವುದಿಲ್ಲ. ಅಗೆದ ಪದರವನ್ನು ಎರಡನೆಯ ಬಾರಿ ಅಗೆಯಲು ಬರುವುದಿಲ್ಲ. ಅಗೆತದ ನಂತರ ಆ ಪದರ ಉಳಿಯುವುದು ನಕ್ಷೆ, ಛಾಯಾಚಿತ್ರ, ಟಿಪ್ಪಣಿ ಮತ್ತು ವಸ್ತುಗಳಲ್ಲಿ ಮಾತ್ರ. ಆ ಬಳಿಕ ಹತ್ತಿರದಲ್ಲೇ ಹೊಸ ಕೇಂದ್ರ ಎದ್ದಿದೆ. ಉಳಿದ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವುದು, ಹಳೆಯ ಅಗೆತದ ಫಲಿತಾಂಶಗಳನ್ನು ಹೊಸ ವಿಧಾನಗಳಿಂದ ಮರುಪರಿಶೀಲಿಸುವುದು ಈಗಿನ ಕೆಲಸದ ಬಹುಭಾಗ.

ಇದೇ ಕಾರಣಕ್ಕೆ ಇಂದಿನ ಪುರಾತತ್ವಜ್ಞರು ದೊಡ್ಡ ಪ್ರಮಾಣದ ಅಗೆತಕ್ಕೆ ಕೈಹಾಕುವುದಿಲ್ಲ. ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಬೇಕಾದಾಗ ಕೆಲವೇ ಚದರ ಮೀಟರ್ ಅಗೆದು ನಿಲ್ಲಿಸುತ್ತಾರೆ. ಉಳಿದುದನ್ನು ಹೆಚ್ಚು ಸೂಕ್ಷ್ಮ ಸಾಧನಗಳು ಬರುವ ಕಾಲಕ್ಕೆ ಬಿಟ್ಟುಕೊಡುತ್ತಾರೆ. 1954ರಲ್ಲಿ ಅಗೆದವರಿಗೆ ಎಲುಬಿನಿಂದ ಡಿಎನ್‌ಎ ಓದಬಹುದೆಂಬ ಕಲ್ಪನೆಯೇ ಇರಲಿಲ್ಲ, ಆದರೂ ಅವರು ಎಲುಬುಗಳನ್ನು ಎಸೆಯದೆ ಜೋಪಾನ ಮಾಡಿದ್ದರಿಂದ ಅವು ಮುಂದಿನ ತಲೆಮಾರಿನ ಸಂಶೋಧಕರಿಗೆ ದಕ್ಕಿದವು. ಅಗೆಯದೆ ಬಿಟ್ಟರೂ ಎಲ್ಲವೂ ಸುರಕ್ಷಿತ ಎನ್ನುವಂತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮೊರಾವಾದ ಪಾತ್ರವನ್ನು ನೇರಗೊಳಿಸಿ ದಂಡೆ ಕಟ್ಟಿದ್ದರಿಂದ ನದಿ ಬಯಲಿನ ಸಹಜ ನೀರಿನ ವ್ಯವಸ್ಥೆ ಬದಲಾಗಿದೆ. ಹಳೆಯ ಕವಲುಗಳ ಕೆಸರು ಒಣಗಿದರೆ ಗಾಳಿ ಒಳಸೇರುತ್ತದೆ, ಗಾಳಿ ಸೇರಿದ ಕಡೆ ಮರ ಕೊಳೆಯಲಾರಂಭಿಸುತ್ತದೆ. ಹಾಗಾಗಿ ವಾಲಿಯ ಸಂರಕ್ಷಣೆಯೆಂದರೆ ಗೋಡೆ ಗೋಪುರಗಳ ದುರಸ್ತಿಯಲ್ಲ, ಮುಖ್ಯವಾಗಿ ಅಂತರ್ಜಲದ ಮಟ್ಟವನ್ನು ಕಾಯುವ ಕೆಲಸ.